ದಾವಣಗೆರೆ: ಸಂತೆ ಪೇಟೆ ಮಹಾನಗರವಾದ ಕಥೆ

ದಾವಣಗೆರೆ: ಹೊರಗಿನವರಿಗೆ ಇದು ಬೆಣ್ಣೆದೋಸೆ ಊರು. ಮನೆಯ ಹಿರಿಯರನ್ನು ಕೇಳಿದರೆ 'ಮಿಲ್ಲಿನ ಊರು' ಅಂತಾರೆ. ಎರಡೂ ನಿಜ. ಆದರೆ ಇವೆರಡಕ್ಕೂ ಮೊದಲು ಇದು ವ್ಯಾಪಾರದ ಊರು.

ಪೇಟೆ ಕಟ್ಟಿದ ಕಾಲ
ಹೈದರ್ ಅಲಿ ಈ ಊರನ್ನು ಮರಾಠ ಮುಖಂಡ ಅಪ್ಪೋಜಿ ರಾಮನಿಗೆ ಜಹಗೀರಾಗಿ ಕೊಟ್ಟಿದ್ದ. ಆತ ವರ್ತಕರನ್ನು ಕರೆದು ಇಲ್ಲಿ ನೆಲೆಸುವಂತೆ ಮಾಡಿದ. ಆಮೇಲೆ ಆತನ ವಂಶ ಉಳಿಯಲಿಲ್ಲ, ಪೇಟೆ ಮಾತ್ರ ಉಳಿಯಿತು. ಮುಂದೆ ಬೆಂಗಳೂರು–ಹುಬ್ಬಳ್ಳಿ ರೈಲು ಮಾರ್ಗ ಬಂದ ಮೇಲೆ ಸರಕು ಸಾಗಾಟ ಇನ್ನೂ ಸಲೀಸಾಯಿತು.

ಮಿಲ್ಲುಗಳ ದಿನಗಳು
ಸುತ್ತಲಿನ ಎರೆಹೊಲಗಳ ಹತ್ತಿ ಇಲ್ಲಿಗೇ ಬರುತ್ತಿತ್ತು. 1936ರಲ್ಲಿ ದಾವಣಗೆರೆ ಕಾಟನ್ ಮಿಲ್ ಶುರುವಾಯಿತು. ನಂತರ ಒಂದರ ಹಿಂದೆ ಒಂದು ಮಿಲ್ಲು ಎದ್ದು 'ಕರ್ನಾಟಕದ ಮ್ಯಾಂಚೆಸ್ಟರ್' ಎಂಬ ಹೆಸರು ಬಂತು. ಕಾರ್ಮಿಕ ನಾಯಕ ಪಂಪಾಪತಿ ಸಿಪಿಐನಿಂದ ಮೂರು ಬಾರಿ ಶಾಸಕರಾದರು ಅಂದರೆ ಮಿಲ್ ಕಾರ್ಮಿಕರ ಬಲ ಎಷ್ಟಿತ್ತು ಅಂತ ಗೊತ್ತಾಗುತ್ತೆ. ಕೊನೆಗೆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಸಂಬಳ ನಂಬಿದ್ದ ಸಾವಿರಾರು ಮನೆಗಳಿಗೆ ಪೆಟ್ಟು ಬಿತ್ತು. ಆ ಮನೆಗಳಿಗೆ ಉದ್ರಿ ಕೊಟ್ಟಿದ್ದ ಅಂಗಡಿಗಳಿಗೂ ಬಿತ್ತು.

ಊರನ್ನು ಹಿಡಿದು ನಿಲ್ಲಿಸಿದ್ದು
ಎರಡು ಸಂಗತಿ. ಒಂದು, ಭದ್ರಾ ನಾಲೆ. ನೀರು ಬಂದ ಕಡೆ ಭತ್ತ ಬಂತು, ಅದರ ಹಿಂದೆಯೇ ರೈಸ್ ಮಿಲ್ ಬಂದವು. ಮಂಡಕ್ಕಿ ಭಟ್ಟಿಗಳಿಗೂ ಭತ್ತವೇ ಆಧಾರ. ಎರಡನೆಯದು, ಓದು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು, 1965ರಲ್ಲಿ ಜೆಜೆಎಂ ವೈದ್ಯಕೀಯ ಕಾಲೇಜು, 1979ರಲ್ಲಿ ಬಿಐಇಟಿ ಎಂಜಿನಿಯರಿಂಗ್ ಕಾಲೇಜು ಆರಂಭವಾದವು. ಮಿಲ್ ಕಾರ್ಮಿಕರಿದ್ದ ಊರಿಗೆ ವಿದ್ಯಾರ್ಥಿಗಳು ಬಂದರು. ರೂಮು, ಮೆಸ್, ಜೆರಾಕ್ಸ್ ಅಂಗಡಿ ಅಂತ ಹೊಸ ವ್ಯಾಪಾರ ಬೆಳೆಯಿತು.

ಆಡಳಿತದ ಮೆಟ್ಟಿಲುಗಳು
• 1870: ಪುರಸಭೆ
• 1997, ಆಗಸ್ಟ್ 15: ಚಿತ್ರದುರ್ಗದಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆ
• 2007: ಮಹಾನಗರ ಪಾಲಿಕೆ
• 2009: ದಾವಣಗೆರೆ ವಿಶ್ವವಿದ್ಯಾಲಯ
• 2011ರ ಜನಗಣತಿ: ಜನಸಂಖ್ಯೆ 4.35 ಲಕ್ಷ
• 2016: ಸ್ಮಾರ್ಟ್ ಸಿಟಿ ಮೊದಲ ಪಟ್ಟಿಯಲ್ಲಿ ಸ್ಥಾನ

ಇವತ್ತಿಗೂ ಅದೇ ಲೆಕ್ಕ
ಊರು ಎಷ್ಟೇ ದೊಡ್ಡದಾದರೂ ಗಲ್ಲಾಪೆಟ್ಟಿಗೆಯ ಬೇರು ಇರೋದು ಹಳ್ಳಿಯಲ್ಲೇ. ನಾಲೆಯ ಕೊನೆ ಭಾಗದ ರೈತರು ನೀರಿಗಾಗಿ ರಸ್ತೆಗೆ ಇಳಿದಾಗ, ಅದು ಅವರೊಬ್ಬರ ಕಷ್ಟ ಅಂತ ಪೇಟೆಯವರು ಸುಮ್ಮನಿರೋ ಹಾಗಿಲ್ಲ. ಭತ್ತ ಕೈಕೊಟ್ಟ ವರ್ಷ ಚೌಕಿಪೇಟೆ, ಮಂಡಿಪೇಟೆಯಲ್ಲೂ ವ್ಯಾಪಾರ ಡಲ್. ಮಿಲ್ಲು ಮುಚ್ಚಿದಾಗ ಕಲಿತ ಪಾಠವೂ ಇದೇ: ಗಿರಾಕಿ ಕೈಯಲ್ಲಿ ದುಡಿಮೆ ಇದ್ದರಷ್ಟೇ ಅಂಗಡಿ ನಡೆಯೋದು.