ತುಕ್ಕು ಹಿಡಿದ ಹಳೇ ಕಾರು: ತೇಪೆ ಹಾಕೋದಾ, ಹೊಸ ಮೈ ತೊಡಿಸೋದಾ?

ಇವತ್ತಿನ ಕಂತಿನಲ್ಲಿ ನಾನು ಮಾತಾಡೋದು ತುಕ್ಕಿನ ಬಗ್ಗೆ. ತುಕ್ಕಿಗೂ ಇತಿಹಾಸಕ್ಕೂ ಏನು ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಅಜ್ಜನ ಕಾಲದ ಕಾರನ್ನು ಶೆಡ್‌ನಲ್ಲಿ ಇಟ್ಟುಕೊಂಡವರನ್ನು ಕೇಳಿ ನೋಡಿ. ತುಕ್ಕು ತಿಂದ ಜಾಗವನ್ನು ರಿಪೇರಿ ಮಾಡಿಸೋದಾ, ಕಿತ್ತು ಹೊಸದು ಹಾಕಿಸೋದಾ ಅನ್ನೋ ಪ್ರಶ್ನೆ ಅವರ ನಿದ್ದೆ ಕೆಡಿಸಿರುತ್ತೆ. ತೇಪೆ ಹಾಕಬಾರದ ಕಡೆ ತೇಪೆ ಹಾಕಿದರೆ ಪ್ರಾಣಕ್ಕೇ ಅಪಾಯ. ಎಲ್ಲವನ್ನೂ ಬದಲಾಯಿಸುತ್ತಾ ಹೋದರೆ ಕೊನೆಗೆ ಅಜ್ಜನ ಕಾರೇ ಉಳಿಯೋದಿಲ್ಲ. ಈ ಇಕ್ಕಟ್ಟು ಮೊದಲಿಂದಲೂ ಇರಲಿಲ್ಲ. ಕಾರು ಕಟ್ಟುವ ವಿಧಾನ ಬದಲಾದಾಗ ಹುಟ್ಟಿಕೊಂಡದ್ದು. ಅದರ ಕಥೆ ಇವತ್ತಿನದು.

ಮೊದಲು ತುಕ್ಕನ್ನೇ ನೋಡೋಣ. ಕಬ್ಬಿಣ, ನೀರು, ಆಮ್ಲಜನಕ – ಈ ಮೂರೂ ಸೇರಿದರೆ ತುಕ್ಕು. ಉಪ್ಪು ಸೇರಿದರೆ ಕೆಲಸ ಇನ್ನೂ ಚುರುಕು, ಯಾಕಂದ್ರೆ ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತೆ, ತುಕ್ಕು ಹಿಡಿಯೋದೂ ಒಂದು ಬಗೆಯ ವಿದ್ಯುತ್-ರಾಸಾಯನಿಕ ಕ್ರಿಯೆ. ಅದಕ್ಕೇ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಬ್ರಿಟನ್ನಿನಲ್ಲಿ ಕಾರುಗಳು ಬೇಗ ಕೊಳೆಯುತ್ತವೆ. ನಮ್ಮಲ್ಲಿ ಮಂಗಳೂರು, ಕಾರವಾರದ ಕಡಲಗಾಳಿಯೂ ಅದೇ ಕೆಲಸ ಮಾಡುತ್ತೆ. ಇನ್ನೊಂದು ಮಾತು: ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತೆ. ಎರಡು ತಗಡು ಸೇರುವ ಸಂದಿಯಲ್ಲಿ ಅದು ಉಬ್ಬಿ ಬೆಸುಗೆಯನ್ನೇ ಬಿಡಿಸಿಬಿಡುತ್ತೆ. ಬಣ್ಣದ ಮೇಲೆ ಒಂದು ಸಣ್ಣ ಗುಳ್ಳೆ ಕಂಡಿತು ಅಂದ್ರೆ ಒಳಗಡೆ ಕೆಲಸ ಆಗಲೇ ತುಂಬಾ ದೂರ ಹೋಗಿರಬಹುದು.

ಈಗ ಒಂದು ನೂರು ವರ್ಷ ಹಿಂದಕ್ಕೆ ಹೋಗೋಣ. 1908ರಿಂದ 1927ರವರೆಗೆ ತಯಾರಾದ ಫೋರ್ಡ್ ಮಾಡೆಲ್ ಟಿ ನೆನಪಿಸಿಕೊಳ್ಳಿ. ಕೆಳಗೆ ಏಣಿಯಂಥ ಉಕ್ಕಿನ ಚಾಸಿ. ಎಂಜಿನ್, ಚಕ್ರ ಎಲ್ಲಾ ಅದಕ್ಕೇ. ಮೇಲಿನ ಬಾಡಿಯನ್ನು ಬೋಲ್ಟ್ ಹಾಕಿ ಕೂರಿಸುತ್ತಿದ್ದರು. ಅಂಥ ಕಾರಿನಲ್ಲಿ ಬಾಡಿ ಅನ್ನೋದು ಅಂಗಿ ಇದ್ದ ಹಾಗೆ. ಹರಿದರೆ ಹೊಲಿಸಬಹುದು, ಬೇಡವಾದರೆ ಬಿಚ್ಚಿ ಬೇರೆ ತೊಡಿಸಬಹುದು. ಕಾರು ಮಾತ್ರ ಅದೇ ಕಾರು.

1922ರಲ್ಲಿ ಇಟಲಿಯ ಲಾನ್ಸಿಯಾ ಲಾಂಬ್ಡಾ ಬಂತು. ಅದರಲ್ಲಿ ಬೇರೆ ಚಾಸಿಯೇ ಇರಲಿಲ್ಲ, ಬಾಡಿಯೇ ಭಾರ ಹೊರುತ್ತಿತ್ತು. 1934ರಲ್ಲಿ ಫ್ರಾನ್ಸಿನ ಸಿಟ್ರೊಯೆನ್ ಕಂಪನಿ ಟ್ರಾಕ್ಷನ್ ಅವಾನ್ ಕಾರಿನ ಮೂಲಕ ಈ ವಿಧಾನವನ್ನು ದೊಡ್ಡ ಪ್ರಮಾಣದಲ್ಲಿ ತಂದಿತು. ಇದನ್ನೇ ಮಾನೊಕಾಕ್ ಅಂತಾರೆ. ಕಾರು ಹಗುರ ಆಯ್ತು, ಗಟ್ಟಿ ಆಯ್ತು. ಆದರೆ ಅಂಗಿಯಾಗಿದ್ದ ತಗಡು ಈಗ ಮೂಳೆ ಆಯ್ತು. ಅದಕ್ಕೆ ತುಕ್ಕು ಹಿಡಿದರೆ ಅದು ಚರ್ಮರೋಗ ಅಲ್ಲ, ಮೂಳೆ ಸವೆತ.

ಇದನ್ನು ಅರ್ಥ ಮಾಡಿಕೊಳ್ಳೋಕೆ ಎಂಜಿಬಿಗಿಂತ ಒಳ್ಳೆ ಕಾರಿಲ್ಲ. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿ ತಯಾರಾಗುತ್ತಿದ್ದ ಪುಟ್ಟ ಸ್ಪೋರ್ಟ್ಸ್ ಕಾರು. ಇದಕ್ಕಿಂತ ಮೊದಲಿನ ಎಂಜಿಎಗೆ ಪ್ರತ್ಯೇಕ ಚಾಸಿ ಇತ್ತು. 1962ರಲ್ಲಿ ಬಂದ ಎಂಜಿಬಿ ಮಾನೊಕಾಕ್. 1980ರ ಹೊತ್ತಿಗೆ ಇದರ ಎಲ್ಲಾ ಬಗೆಗಳೂ ಸೇರಿ 5 ಲಕ್ಷಕ್ಕಿಂತ ಹೆಚ್ಚು ಕಾರು ತಯಾರಾಗಿದ್ದವು. ತೆರೆದ ಎಂಜಿಬಿಗೆ ಗಟ್ಟಿ ಛಾವಣಿ ಇಲ್ಲ. ಹಾಗಾದರೆ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿರೋದು ಯಾವುದು? ಮುಖ್ಯವಾಗಿ ಬಾಗಿಲ ಕೆಳಗೆ, ಎರಡೂ ಬದಿಗೆ ಹಾದುಹೋಗುವ ಸಿಲ್ ಅನ್ನೋ ಉದ್ದನೆಯ ಪೆಟ್ಟಿಗೆ. ಬಾಗಿಲು ತೆಗೆದಾಗ ನಾವು ಕಾಲು ದಾಟಿಸುವ ಹೊಸ್ತಿಲು ಅಂದುಕೊಳ್ಳಿ. ಹೊರಗೊಂದು, ಒಳಗೊಂದು, ಕೆಳಗೊಂದು ಅಂತ ತಗಡಿನ ತುಂಡುಗಳನ್ನು ಬೆಸೆದು ಅದನ್ನು ಮಾಡಿರುತ್ತಾರೆ. ಮುಂದಿನ ಚಕ್ರ ಎರಚಿದ ಕೆಸರು ಅಲ್ಲೇ ಹತ್ತಿರದಲ್ಲಿ ಕೂರುತ್ತೆ, ತೇವ ಆರೋದಿಲ್ಲ. ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತೆ.

ಅಸಲಿ ಸಮಸ್ಯೆ ಇಲ್ಲಿದೆ ನೋಡಿ. ಹೊರಗಿನ ತಗಡಿಗೆ ಒಂದು ತೇಪೆ, ಅದರ ಮೇಲೆ ಪುಟ್ಟಿ, ಅದರ ಮೇಲೆ ಬಣ್ಣ. ಕಾರು ಮದುಮಗಳ ಹಾಗೆ ಹೊಳೆಯುತ್ತೆ. ಒಳಗಿನ ತಗಡು ಮಾತ್ರ ಹಪ್ಪಳ. ಅಪಘಾತ ಆದಾಗ ಪುಟ್ಟಿ ಯಾರನ್ನೂ ಕಾಪಾಡೋದಿಲ್ಲ. ಬ್ರಿಟನ್ನಿನಲ್ಲಿ 1960ರಲ್ಲಿ ಹಳೇ ಕಾರುಗಳಿಗೆ ಎಂಒಟಿ ಅನ್ನೋ ಕಡ್ಡಾಯ ತಪಾಸಣೆ ಬಂತು. ಅದರಲ್ಲಿ ತುಕ್ಕಿಗೆ ಒಂದು ಅಳತೆ ಇಟ್ಟಿದ್ದಾರೆ: ಸಸ್ಪೆನ್ಷನ್, ಸ್ಟೀರಿಂಗ್, ಸೀಟ್ ಬೆಲ್ಟ್‌ನಂಥ ಮುಖ್ಯ ಭಾಗಗಳು ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಭಾರ ಹೊರುವ ತಗಡು ತೀವ್ರವಾಗಿ ಕೊಳೆತಿದ್ದರೆ ಕಾರು ಫೇಲ್. ಬಂಪರ್ ತುದಿಯ ತುಕ್ಕಿಗೂ ಬೆಲ್ಟಿನ ಬೋಲ್ಟ್ ಪಕ್ಕದ ತುಕ್ಕಿಗೂ ಇರುವ ವ್ಯತ್ಯಾಸ ಅಷ್ಟು.

ಸಿಲ್ ಬದಲಾಯಿಸೋದೂ ಸುಲಭ ಅಲ್ಲ. ಮೊದಲು ಬಾಗಿಲಿನ ಜಾಗಕ್ಕೆ ಅಡ್ಡ ಸರಳು ಕೊಟ್ಟು ಬಾಡಿಯನ್ನು ಬಿಗಿಯಬೇಕು. ಹಾಗೇ ಕತ್ತರಿಸಿದರೆ ಕಾರು ನಡುವೆ ಕುಸಿಯುತ್ತೆ, ಆಮೇಲೆ ಬಾಗಿಲು ಹಾಕೋಕೇ ಬರೋದಿಲ್ಲ. ಸಿಲ್ ಆದಮೇಲೆ ನೆಲದ ತಗಡು, ಅದಾದಮೇಲೆ ಹಿಂದಿನ ಸ್ಪ್ರಿಂಗ್ ಕೂರುವ ಜಾಗ... ಕೂಲಿಯ ಲೆಕ್ಕ ಏರುತ್ತಾ ಹೋಗುತ್ತೆ.

ಆಗ 1988ರಲ್ಲಿ ಒಂದು ವಿಚಿತ್ರ ನಡೀತು. ಬ್ರಿಟಿಷ್ ಮೋಟರ್ ಹೆರಿಟೇಜ್ ಅನ್ನೋ ಸಂಸ್ಥೆ ಎಂಜಿಬಿಯ ಹಳೇ ಅಚ್ಚುಗಳನ್ನು ಹುಡುಕಿ ತೆಗೆದು, ಕಾರಿನ ತಯಾರಿಕೆ ನಿಂತು ಎಂಟು ವರ್ಷ ಆದಮೇಲೆ, ಇಡೀ ಬಾಡಿ ಶೆಲ್ಲನ್ನು ಹೊಸದಾಗಿ ಮಾಡಿ ಮಾರೋಕೆ ಶುರು ಮಾಡಿತು. ಹಳೇ ಕಾರಿನಿಂದ ಎಂಜಿನ್, ಆಕ್ಸಲ್, ಸೀಟು, ಮೀಟರ್ ಎಲ್ಲಾ ಬಿಚ್ಚಿ ಹೊಸ ಮೈಗೆ ಜೋಡಿಸಿ. ತುಕ್ಕಿನ ಹಂಗೇ ಇಲ್ಲ.

ಈಗ ಹೇಳಿ, ಹೊಸ ಮೈಯ ಈ ಕಾರು ಹಳೇ ಎಂಜಿಬಿಯಾ, ಅಲ್ವಾ? ಬ್ರಿಟನ್ನಿನ ನೋಂದಣಿ ಇಲಾಖೆ ಹಲವು ವರ್ಷ ಇದಕ್ಕೆ ಅಂಕ ಕೊಟ್ಟು ಉತ್ತರ ಹೇಳುತ್ತಿತ್ತು. ಹಳೇ ನಂಬರ್ ಉಳಿಯಬೇಕಾದರೆ ಕನಿಷ್ಠ 8 ಅಂಕ ಬೇಕು. ಚಾಸಿ ಅಥವಾ ಬಾಡಿ ಶೆಲ್‌ಗೆ 5, ಆಕ್ಸಲ್, ಸ್ಟೀರಿಂಗ್, ಗೇರ್‌ಬಾಕ್ಸ್‌ನಂಥವಕ್ಕೆ ತಲಾ 2, ಎಂಜಿನ್‌ಗೆ ಬರೀ 1. ನಾವು ಕಾರಿನ ಹೃದಯ ಅನ್ನೋ ಎಂಜಿನ್‌ಗೆ ಕಾನೂನಿನ ಕಣ್ಣಲ್ಲಿ ಎಲ್ಲಕ್ಕಿಂತ ಕಡಿಮೆ ಬೆಲೆ! ರಸೀದಿ ಇದ್ದರೆ ಅದೇ ಮಾದರಿಯ ಹೊಸ ಶೆಲ್ಲಿಗೂ ಅಂಕ ಸಿಗುತ್ತಿತ್ತು.

ನನಗೆ ಇಲ್ಲಿ ನಮ್ಮ ತೇರು ನೆನಪಾಗುತ್ತೆ. ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಮುರಿದರೆ ಹೊಸ ಅಚ್ಚು. ಆದರೂ ಊರಿನವರಿಗೆ ಅದು ಅದೇ ತೇರು, ಯಾಕಂದ್ರೆ ತೇರು ಇರೋದು ಎಳೆಯೋಕೆ. ಎಳೆಯುವ ಜನರ ಮೇಲೆ ಬೀಳದ ಹಾಗೆ ಅದನ್ನು ಇಟ್ಟುಕೊಳ್ಳೋದೇ ಅದಕ್ಕೆ ತೋರಿಸುವ ಗೌರವ. ರಸ್ತೆಗಿಳಿಯುವ ಕಾರಿಗೂ ಇದೇ ಮಾತು ಸಲ್ಲುತ್ತೆ.

ಹಾಗಂತ ಎಲ್ಲಾ ಕಾರಿಗೂ ಅಲ್ಲ. ಇಟಲಿ-ಸ್ವಿಟ್ಜರ್ಲೆಂಡ್ ಗಡಿಯ ಮಜ್ಜೋರೆ ಸರೋವರದಲ್ಲಿ 1925ರ ಒಂದು ಬುಗಾಟಿ ಹಲವು ದಶಕ ಮುಳುಗಿತ್ತು. 2009ರಲ್ಲಿ ಅದನ್ನು ಮೇಲೆತ್ತಿದರು. ಒಂದು ಬದಿ ಪೂರ್ತಿ ಕರಗಿಹೋಗಿತ್ತು. 2010ರ ಹರಾಜಿನಲ್ಲಿ ಅದು ಸುಮಾರು 2.6 ಲಕ್ಷ ಯೂರೋಗೆ ಹೋಯ್ತು. ಕೊಂಡ ಕ್ಯಾಲಿಫೋರ್ನಿಯಾದ ಮುಲಿನ್ ಮ್ಯೂಸಿಯಂ ಅದನ್ನು ರಿಪೇರಿಯೂ ಮಾಡಲಿಲ್ಲ, ಬದಲಾಯಿಸಲೂ ಇಲ್ಲ. ತುಕ್ಕಿನ ಸಮೇತ ಪ್ರದರ್ಶನಕ್ಕಿಟ್ಟಿತು. ಆ ಕಾರಿನಲ್ಲಿ ಹೇಳೋಕೆ ಉಳಿದಿದ್ದ ಕಥೆಯೇ ತುಕ್ಕು. ಅದನ್ನು ಉಜ್ಜಿ ತೆಗೆದರೆ ಕಥೆಯೂ ಹೋಗುತ್ತೆ.

ಇನ್ನು ನಮ್ಮ ದೇಶಕ್ಕೆ ಬರೋಣ. ನಮ್ಮ ಅಂಬಾಸಿಡರ್ ಹುಟ್ಟಿದ್ದು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ, ಪ್ರೀಮಿಯರ್ ಪದ್ಮಿನಿ ಬಂದದ್ದು ಇಟಲಿಯ ಫಿಯೆಟ್ 1100ರಿಂದ. ಎರಡರಲ್ಲೂ ಭಾರ ಹೊರೋದು ಬಾಡಿಯೇ, ಅಂದ್ರೆ ಎಂಜಿಬಿಯ ಪ್ರಶ್ನೆ ನಮ್ಮದೂ ಹೌದು. ಮುಂಬೈಯ ಟ್ಯಾಕ್ಸಿ ಪದ್ಮಿನಿಗಳಿಗೆ ಈ ಪ್ರಶ್ನೆ ಕೇಳಿಕೊಳ್ಳುವ ಅವಕಾಶವೇ ಇರಲಿಲ್ಲ. 20 ವರ್ಷದ ಮಿತಿ ಇದ್ದದ್ದರಿಂದ 2023ರ ಅಕ್ಟೋಬರ್‌ಗೆ ಕೊನೆಯದೂ ರಸ್ತೆಯಿಂದ ಇಳಿಯಿತು.

ಖಾಸಗಿ ಕಾರಿಟ್ಟವರು ಗಮನಿಸಬೇಕಾದ ನಿಯಮ 2021ರ ಜುಲೈನಲ್ಲಿ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು. ನಂಬರ್ ಪ್ಲೇಟಿನಲ್ಲಿ 'ವಿಎ' ಅಕ್ಷರ ಬರುತ್ತೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಆದರೆ ಷರತ್ತು ಓದಿ: ಚಾಸಿ, ಬಾಡಿ ಶೆಲ್, ಎಂಜಿನ್‌ಗಳಲ್ಲಿ ದೊಡ್ಡ ಮಟ್ಟದ ಬದಲಾವಣೆ ಆಗಿರಬಾರದು. ಅಂದ್ರೆ ಬ್ರಿಟನ್ನಿನಲ್ಲಿ ರಸೀದಿ ತೋರಿಸಿ ಅಂಕ ಪಡೆಯುತ್ತಿದ್ದ ಕೆಲಸವೇ ಇಲ್ಲಿ ನಿಮ್ಮ ಕಾರಿನ ವಿಂಟೇಜ್ ಪಟ್ಟಕ್ಕೆ ಕುತ್ತು ತರಬಹುದು. ಇಡೀ ಮೈ ಬದಲಾಯಿಸುವ ಮೊದಲು ಆರ್‌ಟಿಒ ಕಚೇರಿಯಲ್ಲಿ ವಿಚಾರಿಸೋದು ಕ್ಷೇಮ.

ಹಾಗಾದರೆ ಏನು ಮಾಡಬೇಕು? ಈ ಇತಿಹಾಸದಿಂದ ನಾನು ತೆಗೆದುಕೊಂಡ ಪಾಠ ಇಷ್ಟು. ಮೊದಲು ಆ ತುಕ್ಕು ಅಂಗಿಗೆ ಹಿಡಿದಿದೆಯಾ, ಮೂಳೆಗೆ ಹಿಡಿದಿದೆಯಾ ನೋಡಿ. ಒಂದು ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಮ್ಯಾಗ್ನೆಟ್ ಹಿಡಿದು ನೋಡಿ. ಪುಟ್ಟಿ ದಪ್ಪಗಿರುವ ಕಡೆ ಮ್ಯಾಗ್ನೆಟ್ ಅಂಟೋದಿಲ್ಲ. ಬಾನೆಟ್, ಬಾಗಿಲ ತಗಡು, ಮಡ್‌ಗಾರ್ಡ್ ಆದರೆ ಕೊಳೆತಷ್ಟನ್ನೇ ಕತ್ತರಿಸಿ, ಒಳ್ಳೆ ಟಿಂಕರಿಂಗ್ ಕೆಲಸಗಾರರಿಂದ ಅಷ್ಟಕ್ಕೇ ಹೊಸ ತಗಡು ಬೆಸೆಸಿ. ಹಳೇ ತಗಡು ಎಷ್ಟು ಉಳಿಯುತ್ತೋ ಅಷ್ಟು ಇತಿಹಾಸ ಉಳಿಯಿತು. ಸಿಲ್, ನೆಲ, ಸಸ್ಪೆನ್ಷನ್ ಕೂರುವ ಜಾಗ ಆದರೆ ಮೇಲೆ ತೇಪೆ ಬೇಡ. ಗಟ್ಟಿ ಲೋಹ ಸಿಗುವವರೆಗೂ ಕತ್ತರಿಸಿ ಹೊಸದು ಹಾಕಿಸಿ. ಅದಕ್ಕೆ ದುಡ್ಡು ಹೊಂದಲಿಲ್ಲವಾ, ಕಾರು ಶೆಡ್‌ನಲ್ಲೇ ಒಣಗಿ ನಿಂತಿರಲಿ. ನಿಂತ ಕಾರನ್ನು ಮುಂದೆ ಯಾರಾದರೂ ಸರಿಮಾಡಬಹುದು. ಗುಜರಿಗೆ ಹೋದದ್ದು ವಾಪಸ್ ಬರೋದಿಲ್ಲ.

ಹಳೇ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾದ ಟ್ಯೂರಿನ್ ಸನ್ನದು ಇನ್ನೊಂದು ಸಲಹೆ ಕೊಡುತ್ತೆ: ಬದಲಾಯಿಸಿದ ಭಾಗಕ್ಕೆ ಗುರುತು ಹಾಕಿ, ಮಾಡಿದ ಕೆಲಸವನ್ನು ದಾಖಲಿಸಿ. ನಿಮ್ಮ ಕೈಯಲ್ಲಿ ಫೋನ್ ಇದೆ. ಕತ್ತರಿಸುವ ಮೊದಲು, ಕತ್ತರಿಸಿದ ಮೇಲೆ ಫೋಟೋ ತೆಗೆದಿಡಿ, ತಾರೀಖು ಬರೆದಿಡಿ. ಮುಂದೆ ಆ ಕಾರು ಓಡಿಸುವವರಿಗೆ ಎಷ್ಟು ಹಳೇದು, ಎಷ್ಟು ಹೊಸದು ಅಂತ ಗೊತ್ತಿರಲಿ.

ಇವತ್ತಿಗೆ ಇಷ್ಟು. ನಿಮ್ಮ ಮನೆಯಲ್ಲೂ ಅಂಥ ಒಂದು ಕಾರು ನಿಂತಿದ್ದರೆ, ಈ ಭಾನುವಾರ ಅದರ ಬಾಗಿಲ ಕೆಳಗೆ ಒಮ್ಮೆ ಬಗ್ಗಿ ನೋಡಿ. ಮುಂದಿನ ಕಂತಿನಲ್ಲಿ ಸಿಗೋಣ.