ಕರಾರು ಮುಗಿದರೂ ತೀರದ ಋಣ

ದುಡಿಮೆಯ ಕರಾರು ಮುಗಿದರೆ ಧಣಿಯ ದಾರಿ ಧಣಿಗೆ, ದುಡಿದವನ ದಾರಿ ದುಡಿದವನಿಗೆ. ಇದು ಲೋಕರೂಢಿ. ಇಂಗ್ಲೆಂಡಿನ ವೃತ್ತಿಪರ ಫುಟ್‌ಬಾಲಿನಲ್ಲಿ ಮಾತ್ರ 70 ವರ್ಷಗಳ ಕಾಲ ಈ ರೂಢಿಗೆ ಎಡೆಯಿರಲಿಲ್ಲ. ಕರಾರು ಮುಗಿದ ಮೇಲೂ ಆಟಗಾರ ಕ್ಲಬ್ಬಿನ ಸ್ವತ್ತಾಗಿಯೇ ಉಳಿಯುತ್ತಿದ್ದ. ಹೊಸ ಕರಾರಿಗೆ ಸಹಿ ಹಾಕಲೊಲ್ಲೆನೆಂದು ಪಟ್ಟು ಹಿಡಿದು ಕುಳಿತ ಒಬ್ಬ ಆಟಗಾರನಿಂದ ಆ ಕಟ್ಟಳೆ ಹೇಗೆ ಸಡಿಲಿತೆಂಬುದನ್ನು ಈ ಹೊತ್ತು ತಮ್ಮ ಮುಂದೆ ಹೇಳಬಯಸುತ್ತೇನೆ.

1893ರಿಂದ ಲೀಗಿನಲ್ಲಿ ಜಾರಿಯಲ್ಲಿದ್ದ ಏರ್ಪಾಡು ಹೀಗಿತ್ತು. ಆಟದ ಋತು ಮುಗಿಯುತ್ತಲೇ ಪ್ರತಿಯೊಂದು ಕ್ಲಬ್ಬೂ ತಾನು ಉಳಿಸಿಕೊಳ್ಳಲಿರುವ ಆಟಗಾರರ ಪಟ್ಟಿಯನ್ನು ಪ್ರಕಟಿಸುತ್ತಿತ್ತು. ಆ ಪಟ್ಟಿಯಲ್ಲಿ ಹೆಸರಿದ್ದವನು ಹೊಸ ಕರಾರನ್ನು ಒಪ್ಪದಿದ್ದರೆ ಅವನಿಗೆ ಸಂಬಳ ಕೊಡಬೇಕಾದ ಹೊಣೆ ಕ್ಲಬ್ಬಿಗಿಲ್ಲ. ಲೀಗಿನ ಬೇರೊಂದು ಕ್ಲಬ್ಬು ಅವನನ್ನು ಸೇರಿಸಿಕೊಳ್ಳುವಂತೆಯೂ ಇಲ್ಲ. ಇದರ ಮೇಲೆ 1901ರಲ್ಲಿ ಸಂಬಳಕ್ಕೂ ಮಿತಿ ಬಂತು: ವಾರಕ್ಕೆ 4 ಪೌಂಡು. 1958ರ ಹೊತ್ತಿಗೆ ಅದು ಏರಿ ಏರಿ ಋತುವಿನಲ್ಲಿ 20, ಬೇಸಗೆಯಲ್ಲಿ 17 ಪೌಂಡಾಗಿತ್ತು. ಸಿರಿವಂತ ಕ್ಲಬ್ಬುಗಳು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಂಡರೆ ಸಣ್ಣ ಊರುಗಳ ತಂಡಗಳು ಬಾಳುವುದು ಹೇಗೆ ಎಂಬುದು ಆಡಳಿತಗಾರರ ವಾದ. ಅದರಲ್ಲಿ ಹುರುಳಿಲ್ಲವೆನ್ನಲಾರೆ. ಆದರೆ ಆ ಸಮತೋಲಕ್ಕೆ ಬೆಲೆ ತೆರುತ್ತಿದ್ದವನು ಆಟಗಾರ.

ಎದುರು ನಿಂತವರು ಮೊದಲೂ ಇದ್ದರು. 1907ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆಟಗಾರರ ಸಂಘ ಹುಟ್ಟಿತು. 1912ರಲ್ಲಿ ಹರ್ಬರ್ಟ್ ಕಿಂಗಬಿ ಎಂಬ ಆಟಗಾರ ಸಂಘದ ಬೆಂಬಲದಿಂದ ಆಸ್ಟನ್ ವಿಲಾ ಕ್ಲಬ್ಬಿನ ಮೇಲೆ ದಾವೆ ಹೂಡಿದ. ಅವನ ವಕೀಲರು ಕ್ಲಬ್ಬಿನ ದುರುದ್ದೇಶವನ್ನು ಸಾಧಿಸಹೊರಟರೇ ಹೊರತು ಪದ್ಧತಿಯೇ ಅನ್ಯಾಯವೆಂದು ವಾದಿಸಲಿಲ್ಲ. ದಾವೆ ಬಿದ್ದುಹೋಯಿತು, ಖರ್ಚಿನ ಹೊರೆ ಸಂಘದ ತಲೆಗೆ ಬಂತು. ಮುಂದೆ ಸುಮಾರು ಅರ್ಧ ಶತಮಾನ ಕಾಲ ಪದ್ಧತಿ ಅಲುಗಲಿಲ್ಲ.

ಜಾರ್ಜ್ ಈಸ್ಟ್‌ಹ್ಯಾಮ್ 1956ರಲ್ಲಿ ನ್ಯೂಕ್ಯಾಸಲ್ ಯುನೈಟೆಡ್ ಸೇರಿದ ಕುಶಲ ಆಟಗಾರ. ಕ್ಲಬ್ಬು ಕೊಟ್ಟ ಮನೆ ವಾಸಕ್ಕೆ ತಕ್ಕುದಲ್ಲವೆಂದೂ, ಒದಗಿಸಿದ ಉಪವೃತ್ತಿ ತೃಪ್ತಿಕರವಲ್ಲವೆಂದೂ ಆತನ ದೂರು. 1959ರಲ್ಲಿ ಬೇರೆಡೆಗೆ ಬಿಟ್ಟುಕೊಡಿರೆಂದು ಕೇಳಿದ. ಕ್ಲಬ್ಬು ಒಪ್ಪಲಿಲ್ಲ. 1960ರಲ್ಲಿ ಋತು ಮುಗಿದಾಗ ಈಸ್ಟ್‌ಹ್ಯಾಮ್ ಆಡುವುದನ್ನೇ ನಿಲ್ಲಿಸಿ ಇಂಗ್ಲೆಂಡಿನ ದಕ್ಷಿಣಕ್ಕೆ ಬಂದು, ಪರಿಚಿತನಾದ ಅರ್ನಿ ಕ್ಲೇ ಎಂಬ ವ್ಯಾಪಾರಿಯ ಬಳಿ ಕಾರ್ಕ್ ಮಾರುವ ಕೆಲಸಕ್ಕೆ ನಿಂತ. ಆಟಗಾರನ ಯೌವನ ಅಲ್ಪಾಯುಷಿ. ಮೈದಾನದಿಂದ ದೂರವಾದ ಪ್ರತಿ ತಿಂಗಳೂ ಮರಳಿ ಬಾರದ ನಷ್ಟ. ಪಟ್ಟು ಹಿಡಿಯಲು ಎದೆಗಾರಿಕೆಯೊಂದೇ ಸಾಲದು, ಹೊಟ್ಟೆಗೂ ಬೇಕು. ಕಾರ್ಕಿನ ವ್ಯಾಪಾರ ಆತನಿಗೆ ಆ ಆಸರೆಯನ್ನು ಕೊಟ್ಟಿತು.

ಕೊನೆಗೆ ಆ ವರ್ಷವೇ ನ್ಯೂಕ್ಯಾಸಲ್ ಮಣಿದು, 47,500 ಪೌಂಡಿಗೆ ಆತನನ್ನು ಲಂಡನ್ನಿನ ಆರ್ಸೆನಲ್‌ಗೆ ಬಿಟ್ಟುಕೊಟ್ಟಿತು. ವಾರಕ್ಕೆ 20 ಪೌಂಡಿನಂತೆ ಒಬ್ಬ ಆಟಗಾರ ಅಷ್ಟು ಹಣವನ್ನು ಗಳಿಸಬೇಕಾದರೆ 45 ವರ್ಷಕ್ಕೂ ಮಿಗಿಲಾಗಿ ಆಡಬೇಕಿತ್ತು! ಮಾರುಕಟ್ಟೆಯಲ್ಲಿ ಅವನಿಗಿದ್ದ ಬೆಲೆಗೂ ಅವನ ಕೈಗೆ ಬರುತ್ತಿದ್ದ ಕೂಲಿಗೂ ಇದ್ದ ಅಂತರ ಇದು.

ಆ ವೇಳೆಗೆ ಜಿಮ್ಮಿ ಹಿಲ್ ಅಧ್ಯಕ್ಷತೆಯಲ್ಲಿ ಆಟಗಾರರ ಸಂಘ ಮುಷ್ಕರಕ್ಕೆ ಅಣಿಯಾಗಿತ್ತು. ಅದರ ಬೆದರಿಕೆಗೆ 1961ರ ಜನವರಿಯಲ್ಲಿ ಸಂಬಳದ ಮಿತಿ ಬಿದ್ದುಹೋಯಿತು. ಫುಲ್ಹ್ಯಾಮಿನ ಜಾನಿ ಹೇನ್ಸ್‌ಗೆ ವಾರಕ್ಕೆ 100 ಪೌಂಡು ಬಂತು. ಆದರೆ ಉಳಿಸಿಕೊಳ್ಳುವ ಪಟ್ಟಿ ಹಾಗೆಯೇ ಇತ್ತು. ಸಂಬಳ ಹೆಚ್ಚಿತು, ಬಾಗಿಲು ತೆರೆಯಲಿಲ್ಲ.

ನನಗೆ ಈ ಚರಿತ್ರೆಯಲ್ಲಿ ದೊಡ್ಡದಾಗಿ ಕಾಣುವುದು ಇದರ ಮುಂದಿನ ಭಾಗ. ಬಯಸಿದ ಕ್ಲಬ್ಬು ದೊರೆತ ಮೇಲೆ ಈಸ್ಟ್‌ಹ್ಯಾಮ್ ಸುಮ್ಮನಿರಬಹುದಿತ್ತು. ಆತನ ಸ್ವಂತ ಕಷ್ಟ ಪರಿಹಾರವಾಗಿತ್ತು. ಆದರೂ ಸಂಘದ ಬೆಂಬಲದೊಡನೆ ದಾವೆಯನ್ನು ಮುಂದುವರಿಸಿದ. 1963ರ ಜುಲೈ 4ರಂದು ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅವರು ಈ ಪದ್ಧತಿ ದುಡಿಮೆಯ ಸ್ವಾತಂತ್ರ್ಯಕ್ಕೆ ಒಡ್ಡಿದ ಅನುಚಿತವಾದ ತಡೆಯೆಂದು ತೀರ್ಪಿತ್ತರು. ಗುಲಾಮಗಿರಿಯ ವಿರುದ್ಧ ಹೋರಾಡಿದ ವಿಲಿಯಂ ವಿಲ್ಬರ್‌ಫೋರ್ಸ್ ಅವರ ವಂಶಜರೇ ಈ ನ್ಯಾಯಾಧೀಶರು. ಆಟಗಾರರ ಕರಾರನ್ನು ಗುಲಾಮರ ಕರಾರೆಂದೇ ಜರೆಯುತ್ತಿದ್ದ ಆ ಕಾಲದಲ್ಲಿ ಇದೊಂದು ವಿಚಿತ್ರ ಯೋಗಾಯೋಗ.

ತೀರ್ಪಿನಿಂದ ಎಲ್ಲವೂ ಒಮ್ಮೆಗೇ ಬದಲಾಗಲಿಲ್ಲ. ಕರಾರು ಮುಗಿದವನು ತಾನೇ ಬೇರೆ ಕ್ಲಬ್ಬಿಗೆ ಹೋಗುವ ಹಕ್ಕು ಇಂಗ್ಲೆಂಡಿನಲ್ಲಿ 1978ರಲ್ಲಿ ಬಂತು. ಆಗಲೂ ಹಳೆಯ ಕ್ಲಬ್ಬಿಗೆ ಪರಿಹಾರ ಸಲ್ಲಬೇಕಿತ್ತು. 1995ರಲ್ಲಿ ಬೆಲ್ಜಿಯಮ್ಮಿನ ಜೀನ್-ಮಾರ್ಕ್ ಬೋಸ್ಮನ್ ಹೂಡಿದ ದಾವೆಯಲ್ಲಿ ಐರೋಪ್ಯ ನ್ಯಾಯಾಲಯ, ಒಕ್ಕೂಟದ ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವ ಅಲ್ಲಿನ ಆಟಗಾರರ ಮಟ್ಟಿಗೆ ಆ ಸುಂಕವನ್ನೂ ತೆಗೆದುಹಾಕಿತು. ಆ ಗೆಲುವಿಗಾಗಿ ಬೋಸ್ಮನ್ ತನ್ನ ಆಟದ ಉತ್ತಮ ವರ್ಷಗಳನ್ನೇ ಕಳೆದುಕೊಂಡಿದ್ದ.

ಇಂದು ಹೆಸರಾಂತ ಆಟಗಾರನೊಬ್ಬ ಹೊಸ ಕರಾರಿಗೆ ಸಹಿ ಹಾಕದೆ ಕುಳಿತರೆ ನಾವು ಅದನ್ನು ದುರಾಸೆಯೆಂದು ಬೇಗನೆ ತೀರ್ಮಾನಿಸುತ್ತೇವೆ. ಕೆಲವರ ವಿಷಯದಲ್ಲಿ ಅದು ನಿಜವೂ ಇರಬಹುದು. ಆದರೆ ಒಲ್ಲೆನೆನ್ನುವ ಹಕ್ಕು ಆಟಗಾರನಿಗೆ ಯಾರೂ ದಾನವಾಗಿ ಕೊಟ್ಟುದಲ್ಲ. ತನ್ನ ಪಾಲಿನದು ದೊರೆತ ಮೇಲೂ ನ್ಯಾಯಾಲಯದ ಮೆಟ್ಟಿಲಿನಿಂದ ಇಳಿಯದವನೊಬ್ಬ ಅದನ್ನು ಇತರರಿಗಾಗಿ ಗಳಿಸಿಕೊಟ್ಟ.