ಹಿರಿಯರ ಗತಿ: ಕ್ರೈಸ್ತ ಪರಲೋಕ ಚಿಂತನೆಯಲ್ಲಿ ಅವಿಶ್ವಾಸಿಗಳು ಮತ್ತು ನೀಲಗಿರಿಯ ಬಡಗರು

1552ರ ಜನವರಿಯಲ್ಲಿ ಫ್ರಾನ್ಸಿಸ್ ಝೇವಿಯರ್ ಕೊಚ್ಚಿಯಿಂದ ಯುರೋಪಿನ ತನ್ನ ಸಹಚರರಿಗೆ ಒಂದು ದೀರ್ಘ ಪತ್ರ ಬರೆದನು. ಜಪಾನಿನಲ್ಲಿ ಕಳೆದ ಎರಡು ವರ್ಷಗಳ ವರದಿ ಅದು. ಹೊಸದಾಗಿ ದೀಕ್ಷೆ ಪಡೆದ ಜಪಾನೀಯರನ್ನು ಎಲ್ಲಕ್ಕಿಂತ ಹೆಚ್ಚು ನೋಯಿಸಿದ ಸಂಗತಿಯೊಂದನ್ನು ಅವನು ಅದರಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ಸುವಾರ್ತೆಯನ್ನು ಕೇಳದೆಯೇ ತೀರಿಹೋದ ತಂದೆತಾಯಿ, ಹೆಂಡತಿ, ಮಕ್ಕಳ ಗತಿಯೇನು ಎಂದು ಅವರು ಕೇಳಿದರು. ನರಕಕ್ಕೆ ಹೋದವರಿಗೆ ಬಿಡುಗಡೆಯಿಲ್ಲ, ಪ್ರಾರ್ಥನೆಯಿಂದಾಗಲಿ ದಾನದಿಂದಾಗಲಿ ಅವರಿಗೆ ನೆರವಾಗದು ಎಂಬ ಉತ್ತರ ಕೇಳಿ ಅತ್ತರು. ಆ ಅಳುವನ್ನು ಕಂಡು ತನಗೂ ದುಃಖವಾಯಿತೆಂದು ಝೇವಿಯರ್ ಬರೆಯುತ್ತಾನೆ. ಆದರೆ ಉತ್ತರವನ್ನು ಬದಲಿಸುವುದಿಲ್ಲ. ಇಂದು ಹಳೆಯ ಗೋವೆಯ ಬೋಂ ಜೀಸಸ್ ಬೆಸಿಲಿಕಾದಲ್ಲಿ ಅವನ ಕಳೇಬರವನ್ನು ದರ್ಶಿಸುವವರಲ್ಲಿ ಈ ಪತ್ರದ ನೆನಪಿರುವವರು ವಿರಳ.

ಈ ಪ್ರಶ್ನೆ ಜಪಾನೀಯರದಷ್ಟೇ ಅಲ್ಲ. ಉತ್ತರ ಯುರೋಪಿನ ಫ್ರೀಸಿಯನ್ನರ ಅರಸ ರಾದ್‌ಬೋದನ (ಮರಣ 719) ಬಗ್ಗೆ ಸಂತಚರಿತೆಯೊಂದರಲ್ಲಿ ಒಂದು ಕಥೆಯಿದೆ. ದೀಕ್ಷಾಸ್ನಾನದ ಕೊಳಕ್ಕೆ ಒಂದು ಕಾಲಿಟ್ಟ ಅರಸ, ತನ್ನ ಪೂರ್ವಿಕರು ಎಲ್ಲಿದ್ದಾರೆಂದು ಪಾದ್ರಿಯನ್ನು ಕೇಳಿದನಂತೆ. ದೀಕ್ಷೆಯಿಲ್ಲದೆ ಸತ್ತವರು ದಂಡನೆಗೆ ಗುರಿಯಾದರೆಂಬ ಉತ್ತರ ಬಂದಾಗ, ಸ್ವರ್ಗದಲ್ಲಿ ಅಪರಿಚಿತರ ಜೊತೆಗಿರುವುದಕ್ಕಿಂತ ತನ್ನವರೊಡನೆ ಇರುವುದೇ ಲೇಸೆಂದು ಕಾಲನ್ನು ಹಿಂತೆಗೆದನಂತೆ. ಘಟನೆ ನಡೆಯಿತೋ ಇಲ್ಲವೋ ಎಂಬುದಕ್ಕಿಂತ, ಇಂಥ ಕಥೆಯನ್ನು ಕ್ರೈಸ್ತ ಮಠದ ಲಿಪಿಕಾರರೇ ಬರೆದಿಟ್ಟರೆಂಬುದು ಮುಖ್ಯ. ಮತಾಂತರವು ಬದುಕಿರುವವರ ಆಯ್ಕೆ ಮಾತ್ರವಲ್ಲ, ಸತ್ತವರೊಡನೆ ಇರುವ ಸಂಬಂಧವನ್ನು ಕಡಿದುಕೊಳ್ಳುವ ಕ್ರಿಯೆಯೂ ಆಗಬಹುದೆಂಬ ಅರಿವು ಅವರಿಗಿತ್ತು.

ಈ ವಿಷಯದಲ್ಲಿ ಕ್ರೈಸ್ತ ಚಿಂತನೆ ಎಂದೂ ಏಕಧ್ವನಿಯದಾಗಿರಲಿಲ್ಲ. ಎರಡನೆಯ ಶತಮಾನದ ಜಸ್ಟಿನ್, ವಿವೇಕಕ್ಕನುಗುಣವಾಗಿ ಬಾಳಿದ ಸಾಕ್ರೆಟಿಸನಂಥವರನ್ನು ಕ್ರಿಸ್ತನಿಗೆ ಮೊದಲಿನ ಕ್ರೈಸ್ತರೆಂದೇ ಎಣಿಸಿದನು. ಅಲೆಕ್ಸಾಂಡ್ರಿಯದ ಒರಿಜೆನ್ ದಂಡನೆಯನ್ನು ಶುದ್ಧೀಕರಣವೆಂದು ತಿಳಿದು, ಕಡೆಗೆ ಸಕಲ ಜೀವರೂ ದೇವರಲ್ಲಿಗೆ ಮರಳುವರೆಂಬ ನಿರೀಕ್ಷೆಯನ್ನು ಮುಂದಿಟ್ಟನು. ಪಶ್ಚಿಮದ ಸಭೆಯಲ್ಲಿ ಗೆದ್ದದ್ದು ಮಾತ್ರ ಅಗಸ್ಟೀನನ (354–430) ಕಠಿಣ ನಿಲುವು: ಆದಿಪಾಪದಿಂದಾಗಿ ಮಾನವಕುಲವೆಲ್ಲ ದಂಡನೆಗೆ ಅರ್ಹ, ದೀಕ್ಷೆಯಿಲ್ಲದೆ ಸತ್ತ ಶಿಶುವೂ ಅದಕ್ಕೆ ಹೊರತಲ್ಲ. 553ರಲ್ಲಿ ಕಾನ್‌ಸ್ಟಾಂಟಿನೋಪಲಿನ ಮಹಾಸಭೆಯು ಖಂಡಿಸಿದವರ ಪಟ್ಟಿಯಲ್ಲಿ ಒರಿಜೆನನ ಹೆಸರೂ ಸೇರಿತು. 1442ರಲ್ಲಿ ಫ್ಲಾರೆನ್ಸ್ ಮಹಾಸಭೆಯ ಶಾಸನವು, ಸಾಯುವ ಮುನ್ನ ಸಭೆಗೆ ಸೇರದಿದ್ದ ಅನ್ಯಧರ್ಮೀಯರೂ ಯೆಹೂದ್ಯರೂ ಭಿನ್ನಮತೀಯರೂ ನಿತ್ಯಾಗ್ನಿಗೆ ಹೋಗುವರೆಂದು ಘೋಷಿಸಿತು.

ಅರ್ಧ ಶತಮಾನದೊಳಗೆ ಅಮೆರಿಕದ ಅರಿವು ಈ ಘೋಷಣೆಯನ್ನು ಇಕ್ಕಟ್ಟಿಗೆ ಸಿಲುಕಿಸಿತು. ಕ್ರಿಸ್ತನ ಹೆಸರನ್ನೇ ಕೇಳದ ಜನರಿಂದ ತುಂಬಿದ ಖಂಡವೊಂದು ಇದ್ದಿತೆಂಬುದು ಈಗ ಗೊತ್ತಾಯಿತು. ಸಾಲಮಾಂಕಾದ ಫ್ರಾನ್ಸಿಸ್ಕೋ ದೆ ವಿತೋರಿಯಾ 1539ರ ಉಪನ್ಯಾಸದಲ್ಲಿ, ಕೇಳದವರ ಅವಿಶ್ವಾಸವು ಪಾಪವಲ್ಲವೆಂದು ವಾದಿಸಿದನು. ಅವರ ಇತರ ಪಾಪಗಳ ಪ್ರಶ್ನೆ ಉಳಿದೇ ಇತ್ತಾದರೂ, ಅಜ್ಞಾನ ಮತ್ತು ನಿರಾಕರಣೆ ಒಂದೇ ಅಲ್ಲವೆಂಬ ಈ ಭೇದ ಮುಂದಿನ ಚರ್ಚೆಗಳಿಗೆಲ್ಲ ತಳಹದಿಯಾಯಿತು.

ಕನ್ನಡ ಭಾಷಿಕ ಪ್ರದೇಶಗಳಿಗೆ ಈ ಚರ್ಚೆಯ ಪ್ರೊಟೆಸ್ಟೆಂಟ್ ರೂಪ ಬಂದದ್ದು ಮುಖ್ಯವಾಗಿ ಬಾಸೆಲ್ ಮಿಶನ್ನಿನ ಮೂಲಕ. 1815ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಮೊದಲ ಪ್ರಚಾರಕರು 1834ರಲ್ಲಿ ಮಂಗಳೂರಿನಲ್ಲಿ ನೆಲೆಯೂರಿದರು. ಅವರಲ್ಲಿ ಬಹುಪಾಲು ಜನ ಬಂದದ್ದು ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯ ಭಕ್ತಿಪಂಥೀಯ ಮನೆಗಳಿಂದ. ಆ ಸೀಮೆಯ ಲೂಥರನ್ ಸಭೆಯನ್ನು ಬಂಧಿಸಿದ್ದ 1530ರ ಆಗ್ಸ್‌ಬುರ್ಗ್ ನಂಬಿಕೆ ಪತ್ರವು, ದಂಡಿತರ ಯಾತನೆಗೆ ಕೊನೆಯುಂಟೆನ್ನುವವರನ್ನು ತನ್ನ 17ನೆಯ ವಿಧಿಯಲ್ಲಿ ಖಂಡಿಸುತ್ತದೆ. ಆದರೆ ಅದೇ ಸೀಮೆಯ ಭಕ್ತಿಪಂಥದೊಳಗೆ ಬೇರೊಂದು ಧಾರೆ ಹರಿಯುತ್ತಿತ್ತು. ಫ್ರೀಡ್ರಿಖ್ ಕ್ರಿಸ್ಟೋಫ್ ಎಟಿಂಗರ್ (1702–1782) ಸಕಲದ ಪುನಃಸ್ಥಾಪನೆಯನ್ನು ಬೋಧಿಸಿದನು; ರೈತ ಮೂಲದ ಮೈಕಲ್ ಹಾನ್ (1758–1819) ಅದನ್ನು ಹಳ್ಳಿಯ ಭಕ್ತಕೂಟಗಳಿಗೆ ಒಯ್ದನು. ಹಿರಿಯ ವಿದ್ವಾಂಸ ಬೆಂಗೆಲ್ ಅದನ್ನು ಒಳಗೊಳಗೇ ನಂಬಿದ್ದನೆಂದೂ, ಬಹಿರಂಗವಾಗಿ ಸಾರುವ ವಿಷಯ ಅದಲ್ಲವೆಂದು ತಿಳಿದಿದ್ದನೆಂದೂ ಪ್ರತೀತಿಯಿದೆ. ಎಂದರೆ, ನಿತ್ಯನರಕದ ಎಚ್ಚರಿಕೆಯನ್ನು ಹೊತ್ತು ಇಲ್ಲಿಗೆ ಬಂದ ಪ್ರಚಾರಕರ ಊರುಗಳಲ್ಲೇ ಆ ನಿತ್ಯತೆಯ ಬಗೆಗೆ ಸಂಶಯವಿತ್ತು. ಮನೆಯೊಳಗೆ ಪಿಸುಮಾತಾಗಿದ್ದ ಸಂಶಯ ಪರದೇಶದ ಬೀದಿಯ ಬೋಧನೆಯಲ್ಲಿ ಕೇಳಿಸಲಿಲ್ಲ.

ಬೋಧನೆಗೆ ಬೇಕಾದ ಶಬ್ದಗಳನ್ನು ಅವರು ಕನ್ನಡದಲ್ಲಿ ಸಿದ್ಧವಾಗಿಯೇ ಕಂಡರು. ಕನ್ನಡ ಬೈಬಲಿನಲ್ಲಿ ಹೀಬ್ರೂವಿನ ಷಿಯೋಲ್ ಮತ್ತು ಗ್ರೀಕಿನ ಹೇಡಿಸ್ ‘ಪಾತಾಳ’ವಾದವು, ಗೆಹೆನ್ನ ‘ನರಕ’ವಾಯಿತು. ಶಬ್ದ ಪರಿಚಿತ, ಅರ್ಥ ಅಪರಿಚಿತ. ಪುರಾಣಗಳ ನರಕ ಕರ್ಮ ಸವೆಯುವವರೆಗಿನ ಸ್ಥಳ. ಜೈನರ ಏಳು ನರಕಗಳಲ್ಲಿ ಆಯುಷ್ಯ ಊಹೆಗೆ ಮೀರಿದಷ್ಟು ದೀರ್ಘ, ಆದರೂ ಅದಕ್ಕೆ ಅಂತ್ಯವಿದೆ. ಎಲ್ಲಿಯೋ ಮುಗಿಯುವ ನರಕವನ್ನು ಬಲ್ಲ ಕಿವಿಗೆ ಮುಗಿಯದ ನರಕವನ್ನು ಕೇಳಿಸಬೇಕಾಗಿತ್ತು.

ಇದಕ್ಕೊಂದು ಮಹತ್ವದ ಅಪವಾದ, ಬಾಸೆಲ್ ಮಿಶನ್ ನೆಲೆಯೂರಿದ ಕರಾವಳಿಯಲ್ಲಿಯೇ ಇತ್ತು. ಉಡುಪಿಯ ಮಧ್ವಾಚಾರ್ಯರು ಹದಿಮೂರನೆಯ ಶತಮಾನದಲ್ಲಿಯೇ ಜೀವರನ್ನು ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂದು ವಿಂಗಡಿಸಿ, ಕೊನೆಯವರಿಗೆ ಬಿಡುಗಡೆಯಿಲ್ಲದ ಅಂಧತಮಸ್ಸನ್ನು ಹೇಳಿದ್ದರು. ಈ ಹೋಲಿಕೆಯಿಂದ ಬೆರಗಾಗಿ ಮಧ್ವರ ಮೇಲೆ ಕ್ರೈಸ್ತ ಪ್ರಭಾವವನ್ನು ಊಹಿಸಿದ ಪಾಶ್ಚಾತ್ಯ ವಿದ್ವಾಂಸರೂ ಉಂಟು. ಆ ಊಹೆಗೆ ಆಧಾರ ಸಿಕ್ಕಿಲ್ಲ. ಎರಡರ ತರ್ಕವೂ ಬೇರೆ. ಮಧ್ವರಲ್ಲಿ ನಿರ್ಣಾಯಕವಾದದ್ದು ಜೀವದ ಸ್ವಭಾವ. ಮಿಶನರಿಗಳ ಬೋಧನೆಯಲ್ಲಿ ಈ ಒಂದೇ ಜನ್ಮದಲ್ಲಿ ತಳೆದ ವಿಶ್ವಾಸ. ಮೊದಲನೆಯದರಲ್ಲಿ ಸುದ್ದಿ ತಲುಪಿತೇ ಇಲ್ಲವೇ ಎಂಬ ಪ್ರಶ್ನೆಯೇ ಏಳುವುದಿಲ್ಲ. ಎರಡನೆಯದರಲ್ಲಿ ಅದೇ ಎಲ್ಲವೂ. ಆದ್ದರಿಂದಲೇ ಹಡಗು ತಡವಾಗಿ ಬಂದುದೂ ಹಿಂದಿನ ತಲೆಮಾರುಗಳ ಗತಿಯನ್ನು ನಿರ್ಧರಿಸುವ ಸಂಗತಿಯಾಗಿಬಿಡುತ್ತದೆ.

1846ರಲ್ಲಿ ಬಾಸೆಲ್ ಮಿಶನ್ ನೀಲಗಿರಿಯ ಕೆಟ್ಟಿಯಲ್ಲಿ, ನಿವೃತ್ತ ಅಧಿಕಾರಿ ಕಾಸಮೇಜರನ ನೆರವಿನಿಂದ, ಬಡಗರ ನಡುವೆ ಕೆಲಸ ಆರಂಭಿಸಿತು. ಹೆಸರೇ ಸೂಚಿಸುವಂತೆ ಬಡಗರು ಬಡಗಣದಿಂದ, ಮೈಸೂರು ಸೀಮೆಯಿಂದ, ಬೆಟ್ಟ ಹತ್ತಿದವರು. ಅವರ ನುಡಿಯನ್ನು ಕನ್ನಡದ ಉಪಭಾಷೆಯೆನ್ನಬೇಕೋ ಸ್ವತಂತ್ರ ಭಾಷೆಯೆನ್ನಬೇಕೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ; ಮಿಶನರಿಗಳಂತೂ ಕನ್ನಡವನ್ನೇ ಶಾಲೆಯ ಮತ್ತು ಬೋಧನೆಯ ಭಾಷೆಯಾಗಿ ಬಳಸಿದರು. ಯೋಹಾನ್ ಫ್ರೀಡ್ರಿಖ್ ಮೆಟ್ಸ್ ಹಟ್ಟಿಯಿಂದ ಹಟ್ಟಿಗೆ ನಡೆದು ವರ್ಷಗಟ್ಟಲೆ ಬೋಧಿಸಿದನು. ಆದರೂ ಮೊದಲ ಬಡಗ ದೀಕ್ಷೆಗೆ 1858ರವರೆಗೆ, ಹನ್ನೆರಡು ವರ್ಷ, ಕಾಯಬೇಕಾಯಿತು.

ಈ ವಿಳಂಬಕ್ಕೆ ಭೂಮಿ, ಕುಲ, ಮದುವೆಗಳ ಕಟ್ಟುಪಾಡುಗಳು ಕಾರಣವಾಗಿದ್ದವು. ಅವುಗಳ ಜೊತೆಗೆ ಬಡಗರ ಶವಸಂಸ್ಕಾರವನ್ನೂ ಇಟ್ಟು ನೋಡಬೇಕು. ಅದರ ನಡುವೆ ಒಬ್ಬ ಹಿರಿಯ ಪಠಿಸುವ ಪಾಪನಿವೇದನೆಯೊಂದಿದೆ. ಚಾರ್ಲ್ಸ್ ಗೋವರ್ 1871ರಲ್ಲಿಯೂ, ಎಡ್ಗರ್ ಥರ್ಸ್‌ಟನ್ 1909ರಲ್ಲಿಯೂ ಅದರ ಪಾಠಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಪಾಲ್ ಹಾಕಿಂಗ್ಸ್ ಬಡಗರ ಅಂತ್ಯಕ್ರಿಯೆಯನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಪಠಣವು ಸತ್ತವನ ಪಾಪಗಳನ್ನಷ್ಟೇ ಹೇಳುವುದಿಲ್ಲ. ಅವನ ಹೆತ್ತವರ, ಮುತ್ತಾತಂದಿರ ಪಾಪಗಳನ್ನೂ ಜೊತೆಗೂಡಿಸುತ್ತದೆ. ಪಾಪಗಳ ಪಟ್ಟಿಯೋ ಬೆಟ್ಟದ ಬೇಸಾಯಗಾರನ ಬದುಕಿನಿಂದ ಎದ್ದು ಬಂದದ್ದು: ಎಲ್ಲೆಗಲ್ಲು ಸರಿಸಿದ್ದು, ಅಣ್ಣತಮ್ಮಂದಿರನ್ನು ಅಗಲಿಸಿದ್ದು, ನೆರೆಯವನ ಬೆಳೆಗೂ ಹಾಲು ಹೆಚ್ಚು ಕೊಡುವ ಎಮ್ಮೆಗೂ ಕರುಬಿದ್ದು, ನೀರನ್ನು ಕೆಡಿಸಿದ್ದು, ಚಳಿಯಲ್ಲಿ ನಡುಗುವವನಿಗೆ ಬೆಂಕಿ ಕೊಡದಿದ್ದು, ದಾರಿಹೋಕನಿಗೆ ತಪ್ಪುದಾರಿ ತೋರಿಸಿದ್ದು, ಹಾವನ್ನೂ ಹಲ್ಲಿಯನ್ನೂ ಕೊಂದದ್ದು. ಇಂಥವು ಮುನ್ನೂರೆಂದು ಒಂದು ಪಾಠ, ಸಾವಿರದ ಮುನ್ನೂರೆಂದು ಇನ್ನೊಂದು. ಅವೆಲ್ಲವೂ ಬಿಟ್ಟ ಕರುವಿನೊಡನೆ ಹೋಗಲೆಂದು ಹಾರೈಕೆ. ಮುಂದೆ ನರಕದ ಬಾಗಿಲು ಮುಚ್ಚಲಿ, ಉರಿಯುವ ಕಂಬ ತಣ್ಣಗಾಗಲಿ, ನೂಲಿನ ಸೇತುವೆ ಬಿಗಿಯಾಗಲಿ ಎಂಬ ಕೋರಿಕೆಗಳು ಬರುತ್ತವೆ.

ಮಿಶನರಿ ಬರಹಗಾರರಿಗೆ ಈ ಪಠಣ ಬೆರಗು ಹುಟ್ಟಿಸಿತು. ಪಾಪದ ಅರಿವು, ಅದರ ಬಹಿರಂಗ ಒಪ್ಪಿಗೆ, ಪಾಪವನ್ನು ಹೊರುವ ಪ್ರಾಣಿ: ಹಳೆಯ ಒಡಂಬಡಿಕೆಯ ಯಾಜಕಕಾಂಡವನ್ನು ಓದಿದವರಿಗೆ ಇದು ತೀರ ಹತ್ತಿರದ್ದೆನಿಸುವುದು ಸಹಜ. ಆದರೆ ಹೋಲಿಕೆಗಿಂತ ಭೇದ ಆಳವಾದದ್ದು. ಬಡಗರ ಕ್ರಿಯೆಯಲ್ಲಿ ಸತ್ತವನ ಗತಿ ಸಾವಿನ ಕ್ಷಣದಲ್ಲಿ ಮುಗಿದುಹೋಗುವುದಿಲ್ಲ. ಬದುಕಿರುವವರ ಸೊಲ್ಲಿಗೆ ಅಲ್ಲಿ ಇನ್ನೂ ಕೆಲಸವಿದೆ. ಇಡೀ ಹಟ್ಟಿ ಸೇರಿ ಒಬ್ಬನನ್ನು ಸೇತುವೆ ದಾಟಿಸುತ್ತದೆ, ಅವನ ಜೊತೆಗೆ ಅವನ ಹಿರಿಯರನ್ನೂ. ಪ್ರೊಟೆಸ್ಟೆಂಟ್ ಬೋಧನೆಯಲ್ಲಾದರೋ ಸತ್ತವರಿಗಾಗಿ ಪ್ರಾರ್ಥಿಸುವುದಕ್ಕೇ ಎಡೆಯಿಲ್ಲ. ದೀಕ್ಷೆ ಪಡೆದವನು ಅನ್ಯ ಕ್ರಿಯೆಗಳಿಂದ ದೂರವಿರಬೇಕೆಂಬುದು ಮಿಶನ್ ಸಭೆಗಳ ಸಾಮಾನ್ಯ ನಿಯಮವಾಗಿದ್ದುದರಿಂದ, ತಂದೆಯ ಸಾವಿನಲ್ಲಿ ಮಗನ ಧ್ವನಿ ಹಟ್ಟಿಯ ಧ್ವನಿಯೊಡನೆ ಸೇರುವಂತಿರಲಿಲ್ಲ. ಅವನು ತನ್ನ ರಕ್ಷಣೆಗಾಗಿ ತೆತ್ತ ಬೆಲೆಯಲ್ಲಿ ತಂದೆಯನ್ನು ದಾಟಿಸುವ ಹಕ್ಕೂ ಸೇರಿತ್ತು.

ಇದೇ ಕಾಲದಲ್ಲಿ ಯುರೋಪಿನೊಳಗೂ ನಿತ್ಯದಂಡನೆಯ ಸಿದ್ಧಾಂತ ಬಿರುಕುಬಿಡುತ್ತಿತ್ತು. ‘ನಿತ್ಯ’ ಎಂಬ ಪದವನ್ನು ಪ್ರಶ್ನಿಸಿದ್ದಕ್ಕಾಗಿ ಎಫ್. ಡಿ. ಮಾರಿಸ್ 1853ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಹುದ್ದೆ ಕಳೆದುಕೊಂಡನು. ದಕ್ಷಿಣ ಆಫ್ರಿಕಾದ ನಟಾಲಿನ ಬಿಷಪ್ ಕೊಲೆನ್ಸೊ, ಜುಲು ಜನರ ನಡುವೆ ದುಡಿದ ಅನುಭವದೊಂದಿಗೆ, 1861ರ ತನ್ನ ರೋಮಾಪುರ ಪತ್ರಿಕೆಯ ವ್ಯಾಖ್ಯಾನದಲ್ಲಿ ಮುಗಿಯದ ಯಾತನೆಯ ಬೋಧನೆಯನ್ನು ತಿರಸ್ಕರಿಸಿದನು. ಕೇಳುಗರ ಪ್ರಶ್ನೆ ಬೋಧಕನನ್ನೇ ಬದಲಿಸಿದುದಕ್ಕೆ ಇದು ಪ್ರಸಿದ್ಧ ಉದಾಹರಣೆ. ಕ್ಯಾಥೊಲಿಕ್ ಸಭೆಯಲ್ಲಿ ಒಂಬತ್ತನೆಯ ಪಯಸ್ 1863ರಲ್ಲಿ, ತಮ್ಮ ತಪ್ಪಿಲ್ಲದೆ ಅರಿಯದೆ ಉಳಿದು ಸದಾಚಾರದಿಂದ ಬಾಳಿದವರಿಗೆ ನಿತ್ಯಜೀವ ಸಾಧ್ಯವೆಂದನು. ಎರಡನೆಯ ವ್ಯಾಟಿಕನ್ ಮಹಾಸಭೆಯು 1964ರಲ್ಲಿ ಅದನ್ನು ಸಭೆಯ ಅಧಿಕೃತ ಬೋಧನೆಯಾಗಿ ವಿಸ್ತರಿಸಿತು. ದೀಕ್ಷೆಯಿಲ್ಲದೆ ಸತ್ತ ಶಿಶುಗಳಿಗಾಗಿ ಮಧ್ಯಯುಗ ಕಲ್ಪಿಸಿದ್ದ ‘ಲಿಂಬೊ’ವನ್ನು 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗವು ತೀರ ಸಂಕುಚಿತ ದೃಷ್ಟಿಯೆಂದು ಬದಿಗಿರಿಸಿತು. ಪ್ರೊಟೆಸ್ಟೆಂಟರಲ್ಲಿ ಇಂದಿಗೂ ವಿಶ್ವಾಸಿಗಳಿಗಷ್ಟೇ ರಕ್ಷಣೆ ಎನ್ನುವವರು, ಕೇಳದವರನ್ನು ದೇವರ ಕರುಣೆಗೆ ಬಿಡುವವರು, ಸರ್ವರ ಬಿಡುಗಡೆಯನ್ನು ನಿರೀಕ್ಷಿಸುವವರು ಒಟ್ಟೊಟ್ಟಿಗೇ ಇದ್ದಾರೆ.

ಈ ಇತಿಹಾಸವನ್ನು ಮಹಾಸಭೆಗಳ ಶಾಸನಗಳಿಂದ ಮಾತ್ರ ಬರೆಯಲಾಗದು. ಶಾಸನ ಬದಲಾಗಲು ಶತಮಾನಗಳು ಹಿಡಿದರೂ, ಸಾವಿನ ಮನೆಯಲ್ಲಿ ಜನ ಅಷ್ಟು ಕಾಲ ಕಾಯಲಾರರು. ಒಂದೇ ಕುಟುಂಬದ ಅರ್ಧ ಭಾಗ ಸಭೆಗೆ ಸೇರಿ ಅರ್ಧ ಭಾಗ ಹೊರಗುಳಿದ ಕಡೆಗಳಲ್ಲಿ ಯಾರು ಯಾರ ಶವಕ್ಕೆ ಹೆಗಲು ಕೊಟ್ಟರು, ಸಮಾಧಿಕಲ್ಲಿನ ಮೇಲೆ ಯಾವ ಪದ ಕೆತ್ತಿಸಿದರು, ಸಾವಿನ ಹಾಡುಗಳಲ್ಲಿ ‘ನರಕ’ವನ್ನು ಎಷ್ಟು ಸಲ ಹಾಡಿದರು, ಎಷ್ಟು ಸಲ ಬಿಟ್ಟರು ಎಂಬುದನ್ನು ಕಾಸರಗೋಡಿನಿಂದ ನೀಲಗಿರಿಯವರೆಗಿನ ಕನ್ನಡ ಬಲ್ಲ ಕ್ರೈಸ್ತ ಸಭೆಗಳ ಗೀತಸಂಗ್ರಹಗಳಲ್ಲೂ ಸ್ಮಶಾನಗಳಲ್ಲೂ ಹುಡುಕಬೇಕಾಗಿದೆ. ನೀಲಗಿರಿಯಲ್ಲಿ ಸಭೆಯ ಭಾಷೆ ಕನ್ನಡದಿಂದ ತಮಿಳಿಗೆ ಸರಿದಂತೆ, ಕನ್ನಡದಲ್ಲಿ ಅಚ್ಚಾದ ಹಳೆಯ ಪುಸ್ತಕಗಳನ್ನು ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಹಿರಿಯರ ಗತಿಯನ್ನು ಕುರಿತು ಈ ಸಮುದಾಯಗಳು ತಮಗೆ ತಾವೇ ಕೊಟ್ಟುಕೊಂಡ ಉತ್ತರಗಳನ್ನು ಓದುವ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ.